ಚದುರಂಗದ ಒಗಟು, ಯಂತ್ರದ ತೀರ್ಪು

1951ನೆಯ ಇಸವಿಯ ನವೆಂಬರ್ ತಿಂಗಳು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಕೊಠಡಿಯೊಂದನ್ನು ತುಂಬಿಕೊಂಡು ನಿಂತಿದ್ದ ಫೆರಾಂಟಿ ಮಾರ್ಕ್ 1 ಎಂಬ ಗಣಕಯಂತ್ರಕ್ಕೆ ಡೀಟ್ರಿಷ್ ಪ್ರಿಂಟ್ಸ್ ಎಂಬ ಜರ್ಮನ್ ಮೂಲದ ವಿಜ್ಞಾನಿ ಒಂದು ವಿಚಿತ್ರವಾದ ಕೆಲಸವನ್ನು ವಹಿಸಿದರು. ಲೆಕ್ಕವಲ್ಲ, ಖಾತೆಯಲ್ಲ, ಒಂದು ಚದುರಂಗದ ಒಗಟು. ಬಿಳಿಯ ಕಡೆಯವನು ಆಟ ಆರಂಭಿಸಿ, ಕಪ್ಪು ಕಡೆಯವನು ಏನನ್ನೇ ಆಡಿದರೂ ಎರಡನೆಯ ನಡೆಯಲ್ಲಿ ಮಾತ್ ಮಾಡಬೇಕು. ಯಂತ್ರ ಗುನುಗುಟ್ಟುತ್ತ ಕುಳಿತಿತು. ಸುಮಾರು ಹದಿನೈದು ನಿಮಿಷಗಳ ತರುವಾಯ ಉತ್ತರ ಹೊರಬಿದ್ದಿತು. ಉತ್ತರ ಸರಿಯಾಗಿತ್ತು.

ಚದುರಂಗ ಬಲ್ಲವನೊಬ್ಬ ಆ ಒಗಟನ್ನು ಇನ್ನೂ ಬೇಗನೆ ಬಿಡಿಸಿಯಾನು. ಹಾಗಿದ್ದರೂ ಪ್ರಿಂಟ್ಸರ ಪ್ರಯೋಗ ಚರಿತ್ರೆಯಲ್ಲಿ ನಿಂತಿತು. ಅವರು ಫೆರಾಂಟಿ ಕಂಪೆನಿಯ ನೌಕರರು. ಯಂತ್ರಕ್ಕೆ ಆಜ್ಞೆ ಬರೆಯುವ ವಿದ್ಯೆಯನ್ನು ಅಲನ್ ಟ್ಯೂರಿಂಗ್ ಮತ್ತು ಸಿಸಿಲಿ ಪಾಪಲ್‌ವೆಲ್ ಅವರಿಂದ ಕಲಿತವರು. ಇಡೀ ಆಟವನ್ನು ಆಡಿಸುವಷ್ಟು ಶಕ್ತಿ ಆ ಯಂತ್ರಕ್ಕಿಲ್ಲವೆಂಬುದನ್ನು ಬಲ್ಲ ಅವರು ಎರಡು ನಡೆಗಳ ಮಾತನ್ನಷ್ಟೇ ಆರಿಸಿಕೊಂಡರು. ರಾಜನ ಕೋಟೆ ಕಟ್ಟುವ ನಡೆಯನ್ನು ಬಿಟ್ಟರು. ಕಾಲಾಳಿನ ಎರಡು ಮನೆಯ ಜಿಗಿತವನ್ನು ಬಿಟ್ಟರು. ಕಾಲಾಳು ಕೊನೆಯ ಸಾಲು ಮುಟ್ಟಿ ಬಡ್ತಿ ಪಡೆಯುವುದನ್ನೂ ಬಿಟ್ಟರು. ಇಷ್ಟೆಲ್ಲ ಬಿಟ್ಟ ಮೇಲೆ ಉಳಿದುದಕ್ಕೂ ಕಾಲು ಗಂಟೆ ಬೇಕಾಯಿತು!

ಏಕೆ ಬೇಕಾಯಿತು? ಇದನ್ನು ತಿಳಿಯಬೇಕಾದರೆ ಮಾತ್ ಸಮಸ್ಯೆಯ ಸ್ವರೂಪವನ್ನು ಅರಿಯಬೇಕು. ಪಂದ್ಯದಲ್ಲಿ ಆಡುವವನಿಗೆ ಒಂದು ಒಳ್ಳೆಯ ನಡೆ ಸಿಕ್ಕಿದರೆ ಸಾಕು. ಎದುರಾಳಿ ತಪ್ಪಿದರೆ ಇನ್ನೂ ಒಳ್ಳೆಯದು. ಸಮಸ್ಯೆಯಲ್ಲಿ ಎದುರಾಳಿ ತಪ್ಪುವುದೇ ಇಲ್ಲ. ಬಿಳಿಯ ಮೊದಲ ನಡೆಗೆ ಕಪ್ಪಿನ ಪ್ರತಿಯೊಂದು ಉತ್ತರವನ್ನೂ ಎದುರಿಗಿಟ್ಟುಕೊಂಡು, ಪ್ರತಿಯೊಂದಕ್ಕೂ ಮಾತ್ ಇದೆಯೆಂದು ತೋರಿಸಬೇಕು. ಅಷ್ಟೇ ಅಲ್ಲ, ಆ ಮೊದಲ ನಡೆ ಒಂದೇ ಒಂದಾಗಿರಬೇಕು. ಬಿಳಿಯ ಬೇರೆ ಯಾವ ನಡೆಯಿಂದಲೂ ಅಷ್ಟೇ ಅವಧಿಯಲ್ಲಿ ಮಾತ್ ಆಗಬಾರದು. ಹಾಗೆ ಎರಡನೆಯ ದಾರಿಯೊಂದು ಕಂಡುಬಂದರೆ ಸಮಸ್ಯೆ ಕೆಟ್ಟಿತೆಂದೇ ಅರ್ಥ. ಇಂಗ್ಲಿಷ್ ಸಮಸ್ಯಾಕಾರರು ಈ ದೋಷಕ್ಕೆ 'ಕುಕ್' ಎಂದು ಹೆಸರಿಟ್ಟಿದ್ದಾರೆ. ತಿಂಗಳುಗಟ್ಟಲೆ ಶ್ರಮಪಟ್ಟು ಕಟ್ಟಿದ ರಚನೆಯನ್ನು ಅಂಚೆಯಲ್ಲಿ ಬಂದ ಒಂದು ಸಾಲಿನ ಪತ್ರ ಹೀಗೆ ಬೇಯಿಸಿಬಿಡುವುದುಂಟು.

ಲೆಕ್ಕವನ್ನು ನೋಡಿ. ನಡು ಆಟದಲ್ಲಿ ಆಡುವವನಿಗೆ ಸರಾಸರಿ ಮೂವತ್ತು ನಡೆಗಳಿರುತ್ತವೆ ಎನ್ನೋಣ. ಎರಡು ನಡೆಗಳ ಮಾತ್‌ಗೆ ಬಿಳಿಯದೊಂದು, ಕಪ್ಪಿನದೊಂದು, ಮತ್ತೆ ಬಿಳಿಯದೊಂದು. ಮೂವತ್ತನ್ನು ಮೂರು ಸಲ ಗುಣಿಸಿದರೆ 27,000. ಮೂರು ನಡೆಗಳ ಮಾತ್ ಎಂದರೆ 2 ಕೋಟಿ 43 ಲಕ್ಷ. ನಾಲ್ಕು ನಡೆಗಳಾದರೆ 2,187 ಕೋಟಿ! ಒಂದೊಂದು ನಡೆ ಹೆಚ್ಚಿದಂತೆಲ್ಲ ಕೆಲಸ ಒಂಬೈನೂರು ಪಟ್ಟು ಬೆಳೆಯುತ್ತದೆ. ಚದುರಂಗವನ್ನು ಕಂಡುಹಿಡಿದವನು ಬಹುಮಾನವಾಗಿ ಮನೆಯಿಂದ ಮನೆಗೆ ಇಮ್ಮಡಿಸುತ್ತ ಕಾಳು ಬೇಡಿದನೆಂಬ ಕಥೆಯನ್ನು ಬಲ್ಲ ವಾಚಕರಿಗೆ ಇದರ ಭಯಂಕರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಇಮ್ಮಡಿ ಮಾತ್ರ, ಇಲ್ಲಿ ಒಂಬೈನೂರ್ಮಡಿ.

ದೆಹಲಿಯಿಂದ ಹೋದ ಒಂದು ಸಮಸ್ಯೆ

ಮನುಷ್ಯನು ಈ ಕೋಟಿಗಳನ್ನು ಎಣಿಸುವುದಿಲ್ಲ. ಅವನು ಒಂದು ಉಪಾಯವನ್ನು ಹುಡುಕುತ್ತಾನೆ. ಇದಕ್ಕೆ ಹಳೆಯ ಉದಾಹರಣೆಯೊಂದು ನಮ್ಮ ದೇಶದಿಂದಲೇ ಹೋದುದು. 1845ರಲ್ಲಿ ಲಂಡನ್ನಿನ ಹವರ್ಡ್ ಸ್ಟಾಂಟನ್ ನಡೆಸುತ್ತಿದ್ದ ಚದುರಂಗದ ಪತ್ರಿಕೆಯಲ್ಲಿ ನಾಲ್ಕು ನಡೆಗಳ ಸಮಸ್ಯೆಯೊಂದು ಪ್ರಕಟವಾಯಿತು. ಕಳಿಸಿದವರು ದೆಹಲಿಯಲ್ಲಿದ್ದ ಹೆನ್ರಿ ಅಗಸ್ಟಸ್ ಲವ್‌ಡೇ ಎಂಬ ಪಾದ್ರಿ. 'ಶಾಗಿರ್ದ್', ಎಂದರೆ ಶಿಷ್ಯ, ಎಂಬುದು ಅವರ ಗುಪ್ತನಾಮ. ಶಿಷ್ಯನ ಒಗಟು ಗುರುಗಳನ್ನೇ ಕಂಗೆಡಿಸಿತು.

ಅದರ ಗುಟ್ಟು ಇಷ್ಟೇ. ಬಿಳಿಯ ಒಂಟೆ ಯಾವ ಕಾರಣವೂ ಕಾಣದಂತೆ ಹಿಂದೆ ಸರಿದು ಹಾಸಿನ ಅಂಚಿಗೆ ಹೋಗಿ ಕೂರುತ್ತದೆ. ಅನಂತರ ಬಿಳಿಯ ಆನೆ ಆ ಒಂಟೆಗೆ ಅಡ್ಡಲಾಗಿ ನಿಂತು ಅದರ ದಾರಿಯನ್ನು ಮುಚ್ಚಿಬಿಡುತ್ತದೆ. ತನ್ನ ಕಾಯಿಗೆ ತಾನೇ ತಡೆ! ಹಾಗೆ ಮುಚ್ಚದಿದ್ದರೆ ಕಪ್ಪು ರಾಜನಿಗೆ ಅಡಿಯಿಡಲೂ ಎಡೆಯಿಲ್ಲದೆ ಆಟ ಸಮವಾಗಿಬಿಡುತ್ತದೆ. ದಾರಿ ಮುಚ್ಚಿದೊಡನೆ ರಾಜನಿಗೆ ಒಂದು ಮನೆ ದೊರೆಯುತ್ತದೆ. ಅವನು ಅಲ್ಲಿಗೆ ಹೋಗಲೇಬೇಕು. ಹೋದ ಕೂಡಲೇ ಆನೆ ಅಡ್ಡದಿಂದ ಸರಿದು ತಾನೂ ಶಹ ಕೊಡುತ್ತದೆ, ಹಿಂದಿದ್ದ ಒಂಟೆಯೂ ಶಹ ಕೊಡುತ್ತದೆ. ಮಾತ್. ಈ ಯುಕ್ತಿಗೆ ಜಗತ್ತಿನಾದ್ಯಂತ ಇಂದಿಗೂ 'ಇಂಡಿಯನ್' ಎಂದೇ ಹೆಸರು.

ಇಂದಿನ ಕಟ್ಟುನಿಟ್ಟಿನ ಅಳತೆಗೋಲಿನಿಂದ ನೋಡಿದರೆ ಲವ್‌ಡೇಯವರ ರಚನೆ ನಿರ್ದೋಷವಲ್ಲ. ಬಿಳಿಯ ನಡೆಗಳ ಕ್ರಮ ಒಂದೇ ಆಗಿ ನಿಲ್ಲುವುದಿಲ್ಲ. ಈಗಿನ ಕ್ರಮವಿಧಿ, ಎಂದರೆ ಕಂಪ್ಯೂಟರಿನ ಪ್ರೋಗ್ರಾಮು, ಅದನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಬಿಡಿಸಿ, ಇರುವ ದಾರಿಗಳನ್ನೆಲ್ಲ ಸಾಲಾಗಿ ಬರೆದಿಡುತ್ತದೆ. ಒಂಟೆ ಹಿಂದೆ ಸರಿದುದರಲ್ಲಿ ಏನೋ ವಿಶೇಷವಿದೆ ಎಂಬ ಭಾವನೆ ಅದಕ್ಕಿಲ್ಲ. ಮೂವತ್ತು ನಡೆಗಳಲ್ಲಿ ಅದೂ ಒಂದು. ಬೆಚ್ಚಿಬೀಳಲು ಬಾರದವನಿಗೆ ಅಚ್ಚರಿಯ ನಡೆಯೂ ಸಾಧಾರಣ ನಡೆಯೂ ಒಂದೇ. ಇಂತಹ ಸಮಸ್ಯೆಗಳಲ್ಲಿ ಯಂತ್ರ ಮನುಷ್ಯನಿಗಿಂತ ಬೇಗನೆ ಗೆಲ್ಲುವುದಕ್ಕೆ ಇದೇ ಕಾರಣ: ಮನುಷ್ಯ 'ಇದು ಪೆದ್ದು ನಡೆ' ಎಂದು ಬಿಟ್ಟುಬಿಡುವುದನ್ನು ಅದು ಬಿಡುವುದಿಲ್ಲ.

ಎಣಿಸದೆಯೇ ಎಣಿಸುವ ಉಪಾಯ

ಹಾಗೆಂದು ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಎಣಿಸುತ್ತ ಕುಳಿತರೆ ಯಾವ ಯಂತ್ರವೂ ಐದಾರು ನಡೆಗಳಾಚೆ ಹೋಗಲಾರದು. ಆದುದರಿಂದ ಕ್ರಮವಿಧಿ ಬರೆಯುವವರು ಯುಕ್ತಿಗಳನ್ನು ಹೂಡಿದರು. ಬಿಳಿಯ ಒಂದು ನಡೆಗೆ ಕಪ್ಪಿನಿಂದ ಒಂದೇ ಒಂದು ಸಮರ್ಥ ಉತ್ತರ ಸಿಕ್ಕಿತೆಂದರೆ ಆ ನಡೆಯ ಕಥೆ ಮುಗಿಯಿತು. ಮಿಕ್ಕ ಇಪ್ಪತ್ತೊಂಬತ್ತನ್ನು ನೋಡುವ ಅಗತ್ಯವಿಲ್ಲ. ಕಟ್ಟಕಡೆಯ ನಡೆಯಲ್ಲಿ ಶಹ ಕೊಡದ ನಡೆಗಳನ್ನು ಪರಿಶೀಲಿಸುವುದು ವ್ಯರ್ಥ, ಏಕೆಂದರೆ ಶಹವಿಲ್ಲದೆ ಮಾತ್ ಇಲ್ಲ. ಒಂದೇ ಸ್ಥಿತಿಯನ್ನು ಹತ್ತು ದಾರಿಗಳಿಂದ ತಲುಪಬಹುದಾದುದರಿಂದ, ಒಮ್ಮೆ ಕೊಟ್ಟ ತೀರ್ಪನ್ನು ನೆನಪಿನಲ್ಲಿಟ್ಟುಕೊಂಡರೆ ಮತ್ತೆ ವಿಚಾರಣೆ ನಡೆಸಬೇಕಾಗಿಲ್ಲ. ಇವೆಲ್ಲಕ್ಕಿಂತ ಜಾಣತನದ ಉಪಾಯವೆಂದರೆ, ಕಪ್ಪಿಗೆ ಅತ್ಯಂತ ಕಡಿಮೆ ಉತ್ತರಗಳನ್ನು ಉಳಿಸುವ ನಡೆಯನ್ನೇ ಮೊದಲು ಬೆನ್ನಟ್ಟುವುದು. ಉತ್ತರ ಒಂದೇ ಇದ್ದಲ್ಲಿ ಹಾದಿ ಕವಲೊಡೆಯುವುದಿಲ್ಲ; ಹಾದಿ ಕವಲೊಡೆಯದಿದ್ದರೆ ನೂರು ಮೈಲಿಯೂ ದೂರವಲ್ಲ.

ಈ ಕೊನೆಯ ಉಪಾಯದ ಸಾಮರ್ಥ್ಯ ಬೆಳಗಿದುದು ಜಪಾನಿನಲ್ಲಿ. ಅಲ್ಲಿನವರಿಗೆ ಚದುರಂಗದ ದಾಯಾದಿಯೆನ್ನಬಹುದಾದ 'ಶೋಗಿ' ಎಂಬ ಆಟವಿದೆ. ಅದರಲ್ಲೂ ಮಾತ್ ಸಮಸ್ಯೆಗಳುಂಟು, ಅವುಗಳಲ್ಲಿ ಪ್ರತಿ ನಡೆಯೂ ಶಹವೇ ಆಗಿರಬೇಕೆಂಬ ನಿಯಮವುಂಟು. 1986ರಲ್ಲಿ ಕೋಜಿ ಹಾಶಿಮೊಟೊ ಎಂಬವರು ರಚಿಸಿದ 'ಮೈಕ್ರೊಕಾಸ್ಮಾಸ್' ಎಂಬ ಸಮಸ್ಯೆ, ಎರಡೂ ಕಡೆಯ ನಡೆಗಳನ್ನು ಸೇರಿಸಿ ಎಣಿಸಿದರೆ, 1,525 ನಡೆಗಳಷ್ಟು ಉದ್ದ. ಮಸಾಹಿರೊ ಸಿಯೊ ಎಂಬ ತರುಣ ಬರೆದ ಕ್ರಮವಿಧಿ ಅದನ್ನೂ ಬಿಡಿಸಿತು. ಸಾವಿರದೈನೂರು ನಡೆಗಳ ಮುಂದಿನ ಮಾತನ್ನು ಯಂತ್ರ ಕಂಡಿತೆಂದರೆ ನಂಬುವುದು ಕಷ್ಟ. ಆದರೆ ಅದು ವಿಶಾಲವಾದ ಅಡವಿಯನ್ನು ಸುತ್ತಲಿಲ್ಲ. ಇಕ್ಕಟ್ಟಾದ ಒಂದು ಸುರಂಗದಲ್ಲಿ ಬಹುದೂರ ನಡೆಯಿತು, ಅಷ್ಟೇ.

ಇತ್ತ ಯೂರೋಪಿನಲ್ಲಿಯೂ ಇಂತಹ ಉದ್ದನೆಯ ಸಮಸ್ಯೆಗಳ ಹುಚ್ಚು ಹಿಡಿದವರಿದ್ದರು. ಹಂಗೆರಿಯ ಓಟೊ ಬ್ಲಾಥಿಯನ್ನು ವಿದ್ಯುತ್ ಇಂಜಿನಿಯರರು ಟ್ರಾನ್ಸ್‌ಫಾರ್ಮರನ್ನು ರೂಪಿಸಿದ ಮೂವರಲ್ಲಿ ಒಬ್ಬನೆಂದು ಬಲ್ಲರು. ಚದುರಂಗದವರು ಅವನನ್ನು 290 ನಡೆಗಳ ಮಾತ್ ರಚಿಸಿದ ಮಹಾನುಭಾವನೆಂದು ಬಲ್ಲರು. ಯಂತ್ರವಿಲ್ಲದ ಕಾಲದಲ್ಲಿ, ಕಾಗದ ಪೆನ್ಸಿಲುಗಳ ಬಲದಿಂದ!

ಹಿಂದುಮುಂದಾದ ನಡಿಗೆ

ಇನ್ನೊಂದು ದಾರಿಯೂ ಇದೆ. ಮುಂದಕ್ಕೆ ಹುಡುಕುವ ಬದಲು ಮಾತಿನಿಂದ ಹಿಂದಕ್ಕೆ ನಡೆಯುವುದು. ಹಾಸಿನ ಮೇಲೆ ನಾಲ್ಕೈದೇ ಕಾಯಿಗಳಿವೆ ಎನ್ನಿ. ಮಾತ್ ಆಗಿರುವ ಸ್ಥಿತಿಗಳನ್ನೆಲ್ಲ ಮೊದಲು ಬರೆದಿಡುವುದು. ಅವುಗಳಿಗೆ ಒಂದು ನಡೆ ಹಿಂದಿನ ಸ್ಥಿತಿಗಳನ್ನು ಗುರುತಿಸುವುದು. ಅವುಗಳ ಹಿಂದಿನವನ್ನು, ಅವುಗಳ ಹಿಂದಿನವನ್ನು, ಹೀಗೆ ಗುರುತಿಸುತ್ತ ಹೋದರೆ ಕಡೆಗೆ ಎಲ್ಲ ಸ್ಥಿತಿಗಳಿಗೂ ತೀರ್ಪು ಬರೆದ ಒಂದು ಮಹಾಪಂಚಾಂಗ ಸಿದ್ಧವಾಗುತ್ತದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಕೆನ್ ಥಾಂಪ್ಸನ್ 1970ರ ದಶಕದಲ್ಲಿ ಮಂತ್ರಿ ಒಂದು ಕಡೆ, ಆನೆ ಇನ್ನೊಂದು ಕಡೆ ಇರುವ ಅಂತ್ಯದಾಟಕ್ಕೆ ಇಂತಹ ಪಂಚಾಂಗವನ್ನು ಬರೆಸಿದರು. ಮಂತ್ರಿಯಿದ್ದವನು ಸುಲಭವಾಗಿ ಗೆಲ್ಲುವನೆಂದು ಗ್ರಂಥಗಳೆಲ್ಲ ಸಾರುತ್ತಿದ್ದವು. ಅಮೆರಿಕದ ಚಾಂಪಿಯನ್ ಆಗಿದ್ದ ಗ್ರ್ಯಾಂಡ್‌ಮಾಸ್ಟರ್ ವಾಲ್ಟರ್ ಬ್ರೌನ್ ಮಂತ್ರಿಯನ್ನು ಹಿಡಿದು ಯಂತ್ರದೆದುರು ಕುಳಿತರು. ಯಂತ್ರದ ಆನೆ ಯಾವ ಗ್ರಂಥದಲ್ಲಿಯೂ ಇಲ್ಲದ ರೀತಿಯಲ್ಲಿ ಎಲ್ಲೆಲ್ಲೋ ಅಲೆದಾಡಿತು. ಯಾವ ಕಾಯಿಯೂ ಬೀಳದೆ ಐವತ್ತು ನಡೆ ಕಳೆದರೆ ಆಟ ಸಮ. ಆ ಐವತ್ತು ನಡೆ ಕಳೆದುಹೋದವು. ಬ್ರೌನ್ ಹಿಂತಿರುಗಿ ಅಭ್ಯಾಸ ಮಾಡಿ ಮತ್ತೆ ಬಂದರು. ಎರಡನೆಯ ಸಲ ಸರಿಯಾಗಿ ಐವತ್ತನೆಯ ನಡೆಯಲ್ಲಿ ಆನೆಯನ್ನು ಹಿಡಿದರು. ಸೋತು ಮುಖ ಸಿಂಡರಿಸಿಕೊಳ್ಳದೆ ಯಂತ್ರದಿಂದಲೇ ಪಾಠ ಕಲಿತ ಆ ಮನುಷ್ಯನನ್ನು ಮೆಚ್ಚಲೇಬೇಕು.

ಥಾಂಪ್ಸನ್ನರ ಯಂತ್ರ ಅಷ್ಟಕ್ಕೇ ನಿಲ್ಲಲಿಲ್ಲ. ಎರಡು ಒಂಟೆಗಳೆದುರು ಒಂಟಿ ಕುದುರೆ ಭದ್ರವಾಗಿ ನಿಲ್ಲುವ ಸ್ಥಾನವೊಂದನ್ನು ಕ್ಲಿಂಗ್ ಮತ್ತು ಹೋರ್ವಿಟ್ಸ್ ಎಂಬ ಪಂಡಿತರು 1851ರಲ್ಲಿ ತೋರಿಸಿಕೊಟ್ಟಿದ್ದರು. ನೂರಮೂವತ್ತು ವರ್ಷ ಅದು ವೇದವಾಕ್ಯವಾಗಿತ್ತು. 1983ರಲ್ಲಿ ಯಂತ್ರ ಆ ಕೋಟೆಯನ್ನು ಒಡೆದು, ಒಂಟೆಗಳೇ ಗೆಲ್ಲುತ್ತವೆ, ಹೆಚ್ಚೆಂದರೆ 66 ನಡೆ ಬೇಕು ಎಂದು ಹೇಳಿತು. 2012ರ ವೇಳೆಗೆ ಮಾಸ್ಕೋ ವಿಶ್ವವಿದ್ಯಾನಿಲಯದ 'ಲೊಮೊನೊಸೊವ್' ಮಹಾಗಣಕವು ರಾಜರನ್ನು ಸೇರಿಸಿ ಏಳು ಕಾಯಿಗಳವರೆಗಿನ ಪಂಚಾಂಗವನ್ನು ಪೂರೈಸಿತು. ಅದರೊಳಗಿಂದ 549 ನಡೆಗಳ ಮಾತೊಂದು ಹೊರಬಂದಿತು. ಅದರ ನಡೆಗಳನ್ನು ಗ್ರ್ಯಾಂಡ್‌ಮಾಸ್ಟರರ ಮುಂದಿಟ್ಟರೂ, ಏಕೆ ಹೀಗೆ ಆಡಬೇಕೆಂದು ಅವರು ಹೇಳಲಾರರು. ಕಾಯಿಗಳು ನೂರಾರು ನಡೆಗಳ ಕಾಲ ಅತ್ತಿಂದಿತ್ತ ಸುಳಿಯುತ್ತಿರುತ್ತವೆ, ಉದ್ದೇಶವೇನೆಂದು ತಿಳಿಯುವುದಿಲ್ಲ. ಬ್ಲಾಥಿಯ 290 ನಡೆಗಳಲ್ಲಿ ಒಬ್ಬ ಮನುಷ್ಯನ ಯೋಜನೆಯಿದೆ, ಅದನ್ನು ಇನ್ನೊಬ್ಬನಿಗೆ ವಿವರಿಸಬಹುದು. ಈ 549ರಲ್ಲಿ ಸತ್ಯವಿದೆ, ವಿವರಣೆಯಿಲ್ಲ.

ಬ್ರಸೆಲ್ಸಿನ ಉದ್ಯಾನದಲ್ಲಿ

ಯಂತ್ರವೂ ಮುಗ್ಗರಿಸಿದ ಪ್ರಸಂಗವೊಂದಿದೆ. 1987ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸಿನಲ್ಲಿ ದೊಡ್ಡ ಪಂದ್ಯಾವಳಿ ನಡೆಯುತ್ತಿತ್ತು. ಇಂಗ್ಲೆಂಡಿನ ಗ್ರ್ಯಾಂಡ್‌ಮಾಸ್ಟರ್ ಜೇಮ್ಸ್ ಪ್ಲಾಸ್ಕೆಟ್ ಪತ್ರಕರ್ತರ ಕೊಠಡಿಯಲ್ಲಿ ಒಂದು ಸ್ಥಿತಿಯನ್ನು ಹಾಸಿನ ಮೇಲೆ ಜೋಡಿಸಿ, ಬಿಳಿ ಆಡಿ ಗೆಲ್ಲಬೇಕೆಂದರು. ಅದು ಡಚ್ ರಚನಕಾರ ಗೈಸ್ ವಾನ್ ಬ್ರೂಕೆಲೆನ್ ಅವರ ಕೃತಿ. ಅಲ್ಲಿ ಸೇರಿದ್ದ ಅತಿರಥ ಮಹಾರಥರೆಲ್ಲ ಸುತ್ತುವರಿದರು. ಯಾರಿಗೂ ದಾರಿ ಕಾಣಲಿಲ್ಲ. ಮಾಜಿ ವಿಶ್ವವಿಜೇತ ಮಿಖಾಯಿಲ್ ತಾಲ್ ಎದ್ದು ಉದ್ಯಾನದಲ್ಲಿ ತಿರುಗಾಡಲು ಹೋದರು. ಮರಳಿ ಬಂದಾಗ ಉತ್ತರ ಅವರ ಬಳಿಯಿತ್ತು.

ಆ ಉತ್ತರದ ಸೊಬಗನ್ನು ಸ್ವಲ್ಪ ನಿಧಾನವಾಗಿ ಸವಿಯಬೇಕು. ಬಿಳಿ ಮೊದಲು ಕುದುರೆಯನ್ನು ಬಲಿಕೊಟ್ಟು ಕಪ್ಪು ರಾಜನನ್ನು ಹಾಸಿನ ಅಂಚಿಗೆ ಎಳೆಯುತ್ತದೆ. ಬಳಿಕ ಕಾಲಾಳಿಗೆ ಮಂತ್ರಿಪದವಿ ಕೊಟ್ಟು, ಆ ಹೊಸ ಮಂತ್ರಿಯನ್ನೂ ಕಪ್ಪು ಕುದುರೆಯ ಬಾಯಿಗೆ ಒಪ್ಪಿಸುತ್ತದೆ. ಈಗ ಬಿಳಿಯ ಬಳಿ ಉಳಿದುದು ರಾಜ, ಒಂದು ಒಂಟೆ, ಒಂದು ಕಾಲಾಳು. ಕಪ್ಪಿನ ಬಳಿ ಎರಡು ಕುದುರೆ, ಒಂದು ಒಂಟೆ, ಬಡ್ತಿಯ ಬಾಗಿಲಲ್ಲಿರುವ ಕಾಲಾಳುಗಳು. ಯಾರು ನೋಡಿದರೂ ಬಿಳಿ ಸೋತಿತೆನ್ನುವರು. ಆದರೆ ಅಂಚಿನಲ್ಲಿ ಸಿಕ್ಕಿಕೊಂಡ ಕಪ್ಪು ರಾಜನ ಸುತ್ತಲ ಮನೆಗಳನ್ನೆಲ್ಲ ಬಿಳಿಯ ರಾಜನೂ ಕಾಲಾಳೂ ಬಂಧಿಸಿದ್ದಾರೆ. ಒಂಟೆಯಿಂದ ಒಂದು ಶಹ ಬಿದ್ದರೆ ಮಾತ್. ಒಂಟೆ ಒಂದು ಮನೆಯಿಂದ ಹೆದರಿಸುತ್ತದೆ. ಕಪ್ಪಿನ ಕಾಲಾಳು ಕೊನೆಯ ಸಾಲು ಮುಟ್ಟಿ, ಮಂತ್ರಿಯಾದರೆ ಪ್ರಯೋಜನವಿಲ್ಲವೆಂದು ಕುದುರೆಯಾಗಿ ಆ ಮನೆಯನ್ನು ಕಾಯುತ್ತದೆ. ಒಂಟೆ ಮತ್ತೊಂದೆಡೆಯಿಂದ ಹೆದರಿಸುತ್ತದೆ. ಇನ್ನೊಂದು ಕಾಲಾಳೂ ಕುದುರೆಯಾಗುತ್ತದೆ. ಈಗ ಕಪ್ಪಿಗೆ ನಾಲ್ಕು ಕುದುರೆಗಳು! ನಾಲ್ಕು ಕುದುರೆಗಳ ಕಾವಲಿನ ನಡುವೆ ಆ ಒಂಟಿ ಒಂಟೆ ಕರ್ಣದ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ ಹೋಗಿ, ಕಡೆಗೆ ಕಾವಲಿನ ಕೈಗೆ ಸಾಲದ ಒಂದು ದಿಕ್ಕನ್ನು ಕಂಡುಕೊಳ್ಳುತ್ತದೆ.

ಗಣಕಯಂತ್ರಗಳು ಇದರೆದುರು ಬಹುಕಾಲ ತಲೆಬಾಗಿದವು. ಕಾರಣ ವಿಚಿತ್ರವಲ್ಲ. ಪಂದ್ಯ ಆಡಲೆಂದು ಬರೆದ ಕ್ರಮವಿಧಿಗಳು ವೇಗಕ್ಕಾಗಿ, ಸೋತಂತೆ ಕಾಣುವ ಶಾಖೆಗಳನ್ನು ಮೊದಲೇ ಕತ್ತರಿಸುತ್ತವೆ. ಕುದುರೆಯನ್ನೂ ಮಂತ್ರಿಯನ್ನೂ ಕಳೆದುಕೊಂಡ ಶಾಖೆಯಲ್ಲಿ ಹಣ್ಣಿದೆಯೆಂದು ಅವುಗಳಿಗೆ ತೋರದು. ಮಾತ್ ಹುಡುಕಲೆಂದೇ ಬರೆದವು ಏನನ್ನೂ ಕತ್ತರಿಸುವುದಿಲ್ಲ, ಆದರೆ ಹನ್ನೆರಡು ಹದಿಮೂರು ನಡೆಗಳ ಆಳ ಅವುಗಳಿಗೆ ಎಟುಕದು. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಇಬ್ಬರು ಘಟಾನುಘಟಿಗಳನ್ನು ಈ ಒಗಟಿನೆದುರು ನಿಲ್ಲಿಸಿ ನೋಡಿದರು. ಒಂದು, ಕೋಟ್ಯಂತರ ಸ್ಥಿತಿಗಳನ್ನು ಬಗೆಯುವ ಸ್ಟಾಕ್‌ಫಿಶ್; ಇನ್ನೊಂದು, ತನ್ನೊಡನೆ ತಾನೇ ಆಡಿ ಅನುಭವದಿಂದ ಕಲಿತ ಲೀಲಾ ಚೆಸ್ ಝೀರೋ. ಹೆಸರೇನೋ ನಮ್ಮ ಕಿವಿಗೆ ಹಿತವಾದುದು, ಆದರೆ ಮೇಲುಗೈ ಸ್ಟಾಕ್‌ಫಿಶ್‌ನದೇ ಆಯಿತು. ಅನುಭವವು ನಾಲ್ಕು ಕುದುರೆಗಳ ಲೋಕವನ್ನು ಎಂದೂ ಕಂಡಿರಲಿಲ್ಲ.

ಇನ್ನೂ ಒಂದು ಮಾತಿದೆ. ಬ್ರೂಕೆಲೆನ್ನರ ಮೂಲ ಸ್ಥಿತಿಯಲ್ಲಿ ಕಪ್ಪಿಗೆ ತಪ್ಪಿಸಿಕೊಳ್ಳಲು ಒಂದು ಕಿಂಡಿ ಉಳಿದಿತ್ತೆಂದು ಆಮೇಲೆ ಬಯಲಾಯಿತು. ಒಂದು ಕಪ್ಪು ಕುದುರೆಯನ್ನು ಬೇರೆ ಮನೆಯಲ್ಲಿರಿಸಿದರೆ ಕಿಂಡಿ ಮುಚ್ಚುತ್ತದೆ, ಕೃತಿ ಉಳಿಯುತ್ತದೆ. ಯಂತ್ರದ ಕಾಲದಲ್ಲಿ ರಚನಕಾರನಿಗಿರುವ ಭಯವೂ ಭಾಗ್ಯವೂ ಇದೇ. ತನ್ನ ಕಣ್ಣಿಗೆ ಬೀಳದ ಬಿರುಕು ಅದಕ್ಕೆ ಬೀಳುತ್ತದೆ. ಬಿದ್ದ ಕೂಡಲೇ ಸರಿಪಡಿಸಲು ಅವಕಾಶವೂ ದೊರೆಯುತ್ತದೆ. ಸತ್ತ ಮೇಲೆ ಕೃತಿ ಬೆಂದುಹೋದ ಹಳೆಯ ರಚನಕಾರರಿಗೆ ಆ ಭಾಗ್ಯವಿರಲಿಲ್ಲ.

'ಇಲ್ಲ' ಎನ್ನುವ ಅಧಿಕಾರ

ಹೀಗೆ ನೋಡಿದರೆ, ಯಂತ್ರವು ಉತ್ತರವನ್ನು ಕಂಡುಹಿಡಿಯುವುದು ಅದರ ದೊಡ್ಡ ಸೇವೆಯೇನಲ್ಲ. ರಚಿಸಿದವನಿಗೆ ಉತ್ತರ ಮೊದಲೇ ಗೊತ್ತು. ಬೇರೆ ಉತ್ತರ ಇಲ್ಲವೆಂದು ಎದೆ ತಟ್ಟಿ ಹೇಳುವ ಅಧಿಕಾರ ಯಂತ್ರದ್ದು. ಮನುಷ್ಯ ಎಷ್ಟು ಹುಡುಕಿದರೂ 'ನನಗೆ ಕಾಣಲಿಲ್ಲ' ಎನ್ನಬಲ್ಲನೇ ಹೊರತು 'ಇಲ್ಲ' ಎನ್ನಲಾರ.

ಇದಕ್ಕೆ ಮೈಸೂರಿನ ನೆನಪೊಂದು ಹೊಂದಿಕೊಳ್ಳುತ್ತದೆ, ವಿಷಯ ಮಾತಿನಿಂದ ಕೊಂಚ ಪಕ್ಕಕ್ಕೆ ಸರಿದರೂ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕುದುರೆಯ ಸಂಚಾರದಲ್ಲಿ ಅಪಾರ ಆಸಕ್ತಿ. ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರ ಮೆಟ್ಟಬೇಕು; ಮೆಟ್ಟಿದ ಕ್ರಮದಲ್ಲಿ ಅಂಕೆಗಳನ್ನು ಬರೆದರೆ ಪ್ರತಿ ಅಡ್ಡಸಾಲೂ ಪ್ರತಿ ಕಂಬಸಾಲೂ ಕೂಡಿ 260 ಆಗಬೇಕು. ಇಂತಹ ಮಾಯಾಸಂಚಾರವನ್ನು ರಚಿಸಿದ ಮೊದಲಿಗರ ಸಾಲಿನಲ್ಲಿ ಮಹಾರಾಜರೂ ಇದ್ದಾರೆ. ಎರಡು ಕರ್ಣಗಳೂ 260 ಆಗುವ ಸಂಚಾರವೊಂದು ಇರಬಹುದೇ ಎಂದು ಅನಂತರ ನೂರೈವತ್ತು ವರ್ಷ ಜನ ತಡಕಾಡಿದರು. 2003ರ ಆಗಸ್ಟ್ 5ರಂದು ಯಂತ್ರ ಉತ್ತರ ಕೊಟ್ಟಿತು. ಸುಮಾರು 61 ದಿನಗಳ ಎಡೆಬಿಡದ ಗಣನೆಗೆ ಸಮನಾದ ದುಡಿಮೆಯ ಕೊನೆಯಲ್ಲಿ ಅದು ಹೇಳಿದುದು: ಸಾಲುಗಳು ಕೂಡುವ ಸಂಚಾರಗಳು ಒಟ್ಟು 140, ಕರ್ಣಗಳೂ ಕೂಡುವಂಥದು ಒಂದೂ ಇಲ್ಲ.

ಈಗ ಮಾತ್ ಸಮಸ್ಯೆ ರಚಿಸುವವರ ಮೇಜಿನ ಮೇಲೆ ಇಂತಹ ಕ್ರಮವಿಧಿಯೊಂದು ಇದ್ದೇ ಇರುತ್ತದೆ. ಫ್ರಾನ್ಸಿನ ಫಿಲಿಪ್ ಷ್ನೋಬೆಲೆನ್ 1980ರ ದಶಕದಲ್ಲಿ ಆರಂಭಿಸಿ ಅನೇಕರ ಕೈಯಲ್ಲಿ ಬೆಳೆದ 'ಪಾಪೈ' ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಜರ್ಮನಿಯ ಹೈನರ್ ಮಾರ್ಕ್ಸೆನ್ ಬರೆದ 'ಚೆಸ್ಟ್' ನೇರ ಮಾತುಗಳಲ್ಲಿ ಹೆಸರಾದುದು. ಸಂಜೆ ಸಮಸ್ಯೆಯನ್ನು ಕೊಟ್ಟು ಮಲಗಿದರೆ ಬೆಳಗ್ಗೆ ತೀರ್ಪು ಸಿದ್ಧವಾಗಿರಬಹುದು, ವಾರ ಹಿಡಿಯಲೂಬಹುದು. ಇತ್ತ 1977ರಿಂದ ನಡೆದುಬಂದಿರುವ ಸಮಸ್ಯಾಪರಿಹಾರದ ವಿಶ್ವಸ್ಪರ್ಧೆಯಲ್ಲಿ ಯಂತ್ರಕ್ಕೆ ಪ್ರವೇಶವಿಲ್ಲ. ಅಲ್ಲಿ ಗಡಿಯಾರ, ಕಾಗದ, ಹಾಸು, ತಲೆ, ಇಷ್ಟೇ.

ಸಮಸ್ಯೆಗಳ ಪತ್ರಿಕೆಗಳನ್ನು ತೆರೆದು ನೋಡಿದರೆ ಚಿತ್ರದ ಕೆಳಗೆ 'ಸಿ' ಎಂಬ ಅಕ್ಷರವೂ ಅದರ ಪಕ್ಕದಲ್ಲಿ ಕೂಡಿಸುವ ಚಿಹ್ನೆಯೂ ಅಚ್ಚಾಗಿರುವುದು ಕಾಣುತ್ತದೆ. ಗಣಕಯಂತ್ರ ಪೂರ್ತಿಯಾಗಿ ಪರೀಕ್ಷಿಸಿ ನಿರ್ದೋಷವೆಂದು ಒಪ್ಪಿದೆ ಎಂಬುದು ಅದರ ಅರ್ಥ. ಬಹುಪಾಲು ಸಮಸ್ಯೆಗಳಿಗೆ ಆ ಮುದ್ರೆ ಇರುತ್ತದೆ. ಕೆಲವು ಉದ್ದನೆಯ ಸಮಸ್ಯೆಗಳು ಮುದ್ರೆಯಿಲ್ಲದೆಯೇ ಪ್ರಕಟವಾಗುತ್ತವೆ. ಹಳೆಯ ಕಾಲದಂತೆ ಅವುಗಳ ರಚನಕಾರರು ಮುಂದಿನ ಅಂಚೆಯನ್ನು ಕಾಯುತ್ತಾರೆ.